ನೋಡಲು ಕಲಿಸುವ ಚಿತ್ರಗಳು: ರಸಾಯನಶಾಸ್ತ್ರದ ಲ್ಯಾಬಿನಲ್ಲಿ ದೃಶ್ಯ ಸಾಧನಗಳ ಕೆಲಸವೇನು?

ಕರ್ನಾಟಕದ ದ್ವಿತೀಯ ಪಿಯುಸಿಯಲ್ಲಿ ರಸಾಯನಶಾಸ್ತ್ರದ 100 ಅಂಕಗಳ ಪೈಕಿ 30 ಅಂಕಗಳು ಪ್ರಾಯೋಗಿಕ ಪರೀಕ್ಷೆಗೆ ಮೀಸಲು. ಆ ಪರೀಕ್ಷೆ ಹತ್ತಿರವಾದಂತೆ, ವರ್ಷವಿಡೀ ಲ್ಯಾಬಿಗೆ ಹೋಗಿಬಂದ ವಿದ್ಯಾರ್ಥಿಗಳೂ ಮೊಬೈಲಿನಲ್ಲಿ ಟೈಟ್ರೇಶನ್, ಅಂದರೆ ದ್ರಾವಣದ ಸಾಂದ್ರತೆಯನ್ನು ಕಂಡುಹಿಡಿಯುವ ಪ್ರಯೋಗದ ವಿಡಿಯೊಗಳನ್ನು ಹುಡುಕತೊಡಗುತ್ತಾರೆ. ವಿಡಿಯೊ ನೋಡಿದರೆ ಸಾಕೆ, ಲ್ಯಾಬಿನ ಗೋಡೆಯ ಮೇಲಿರುವ ಚಾರ್ಟಿನಿಂದ ನಿಜಕ್ಕೂ ಪ್ರಯೋಜನವಿದೆಯೆ, ಕಂಪ್ಯೂಟರ್ ಪರದೆಯ ಮೇಲಿನ ವರ್ಚುವಲ್ ಲ್ಯಾಬ್ ಎಂಬುದು ನಿಜವಾದ ಲ್ಯಾಬಿನ ಜಾಗವನ್ನು ತುಂಬಬಲ್ಲುದೆ ಎಂಬ ಪ್ರಶ್ನೆಗಳು ಆಗ ಪೋಷಕರಿಗೂ ಎದುರಾಗುತ್ತವೆ. ಇವಕ್ಕೆ ಉತ್ತರಿಸಬೇಕಾದರೆ, ಒಂದು ಚಿತ್ರವು ಒಂದು ಉಪಕರಣದ ಬಗ್ಗೆ ಏನನ್ನು ಕಲಿಸಬಲ್ಲುದು, ಏನನ್ನು ಕಲಿಸಲಾರದು ಎಂಬುದನ್ನು ಮೊದಲು ಬಿಡಿಸಿ ನೋಡಬೇಕು.

ದೃಶ್ಯ ಸಾಧನ ಎಂದರೆ ಕಣ್ಣಿನ ಮೂಲಕ ವಿಷಯವನ್ನು ತಿಳಿಸಲು ಬಳಸುವ ಯಾವುದೇ ವಸ್ತು. ಕಪ್ಪುಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ರೇಖಾಚಿತ್ರ, ಗೋಡೆಯ ಚಾರ್ಟು, ಛಾಯಾಚಿತ್ರ, ವಿಡಿಯೊ, ಕಂಪ್ಯೂಟರಿನಲ್ಲಿ ಕೈಯಾಡಿಸಬಹುದಾದ ಅನುಕರಣೆ, ಕೊನೆಗೆ ಬಾಟಲಿಯ ಮೇಲಿನ ಅಪಾಯಸೂಚಕ ಚಿಹ್ನೆ, ಇವೆಲ್ಲವೂ ಅದರಲ್ಲಿ ಸೇರುತ್ತವೆ. ಹೆಸರು ಒಂದೇ ಆದರೂ ಇವುಗಳ ಕೆಲಸ ಒಂದೇ ಅಲ್ಲ.

ಕಟ್ಟುವವರ ಚಿತ್ರ, ಬಳಸುವವರ ಚಿತ್ರ

ರಸಾಯನಶಾಸ್ತ್ರದ ಉಪಕರಣಗಳನ್ನು ಚಿತ್ರದ ಮೂಲಕ ತಿಳಿಸುವ ಪದ್ಧತಿ ಹಳೆಯದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಂಟ್ವಾನ್ ಲವಾಸಿಯೆ 1789ರಲ್ಲಿ ಪ್ರಕಟಿಸಿದ ಪಠ್ಯದಲ್ಲಿ ಉಪಕರಣಗಳ 13 ಚಿತ್ರಫಲಕಗಳಿವೆ. ಅವನ್ನು ರಚಿಸಿದವರು ಅವರ ಪತ್ನಿ ಮರಿ-ಆನ್ ಪೋಲ್ಜ್. ಪ್ರಸಿದ್ಧ ಚಿತ್ರಕಾರ ಜಾಕ್-ಲೂಯಿ ದಾವೀದ್ ಅವರಲ್ಲಿ ಚಿತ್ರಕಲೆ ಕಲಿತಿದ್ದ ಆಕೆ, ಪ್ರಯೋಗಾಲಯದಲ್ಲಿ ಪತಿಯ ಜತೆ ಕೆಲಸವನ್ನೂ ಮಾಡುತ್ತಿದ್ದರು. ಬೇರೊಂದು ಊರಿನ ಓದುಗ ಆ ಫಲಕಗಳನ್ನು ನೋಡಿ ಅಂಥದೇ ಉಪಕರಣವನ್ನು ಮಾಡಿಸಿಕೊಳ್ಳಲು ಸಾಧ್ಯವಾಗುವಷ್ಟು ನಿಖರವಾಗಿ ಅವು ಬರೆಯಲ್ಪಟ್ಟಿದ್ದವು.

ಇಂದಿನ ವಿದ್ಯಾರ್ಥಿಗೆ ಬ್ಯೂರೆಟ್ಟನ್ನು, ಅಂದರೆ ದ್ರವವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ನಳಿಕೆಯನ್ನು, ಮಾಡಿಸುವ ಅಗತ್ಯವಿಲ್ಲ, ಅದು ಕಪಾಟಿನಲ್ಲೇ ಇದೆ. ಅವನಿಗೆ ಬೇಕಾಗಿರುವುದು ಅದನ್ನು ಹೇಗೆ ಹಿಡಿಯಬೇಕು, ಎಲ್ಲಿ ನೋಡಬೇಕು, ಎಲ್ಲಿ ತಪ್ಪುವ ಸಂಭವವಿದೆ ಎಂಬ ತಿಳಿವಳಿಕೆ. ಆದರೆ ಬಹುತೇಕ ಚಾರ್ಟುಗಳು ಇಂದಿಗೂ ಇಪ್ಪತ್ತು, ಮೂವತ್ತು ಉಪಕರಣಗಳನ್ನು ಸಾಲಾಗಿ ಜೋಡಿಸಿ ಕೆಳಗೊಂದು ಹೆಸರು ಬರೆದು ನಿಲ್ಲಿಸಿಬಿಡುತ್ತವೆ. ಹೆಸರು ಗುರುತಿಸಲು ಅಷ್ಟು ಸಾಕು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಪ್ರನಾಳ, ಆಲಿಕೆ, ಅಳತೆಯ ಜಾಡಿ ಎಂದು ಓದಿ ಬಂದವರು ಪಿಯುಸಿಯಲ್ಲಿ ಅವೇ ವಸ್ತುಗಳ ಇಂಗ್ಲಿಷ್ ಹೆಸರುಗಳನ್ನು ಒಮ್ಮೆಗೇ ಎದುರಿಸುವಾಗ, ಎರಡೂ ಹೆಸರುಗಳನ್ನು ಒಟ್ಟಿಗೆ ಬರೆದ ಚಾರ್ಟು ನಿಜವಾಗಿಯೂ ನೆರವಾಗುತ್ತದೆ. ಬಳಕೆಯನ್ನು ಕಲಿಸುವ ಚಿತ್ರದ ರಚನೆಯೇ ಬೇರೆ.

ಪುಸ್ತಕದ ಗೆರೆಗೂ ಮೇಜಿನ ಗಾಜಿಗೂ ಇರುವ ದೂರ

ಪಠ್ಯಪುಸ್ತಕದಲ್ಲಿ ಬೀಕರ್ ಎಂದರೆ ಮೇಲ್ಭಾಗ ತೆರೆದಿರುವ ಮೂರು ಗೆರೆಗಳ ಒಂದು ಚೌಕಟ್ಟು. ಅದರೊಳಗಿನ ಅಡ್ಡಗೀಟುಗಳು ದ್ರವವನ್ನು ಸೂಚಿಸುತ್ತವೆ. ಇದು ವಸ್ತುವಿನ ಹೊರನೋಟವಲ್ಲ, ಉದ್ದಕ್ಕೆ ಸೀಳಿದಾಗ ಕಾಣುವ ಒಳನೋಟ. ಪಪ್ಪಾಯಿಯನ್ನು ಉದ್ದಕ್ಕೆ ಹೋಳು ಮಾಡಿದರೆ ಸಿಪ್ಪೆ ಒಂದು ಗೆರೆಯಾಗಿ, ಒಳಗಿನ ಟೊಳ್ಳು ಅದರ ನಡುವಿನ ಖಾಲಿ ಜಾಗವಾಗಿ ಕಾಣುವಂತೆಯೇ ಈ ಚಿತ್ರದಲ್ಲಿ ಗಾಜು ಗೆರೆಯಾಗುತ್ತದೆ, ಪಾತ್ರೆಯ ಒಳಭಾಗ ಬಯಲಾಗುತ್ತದೆ. ಮೇಲೆ ಗೆರೆ ಎಳೆದರೆ ಪಾತ್ರೆಗೆ ಮುಚ್ಚಳವಿದೆ ಎಂದರ್ಥ. ಆದ್ದರಿಂದಲೇ ಅನಿಲವನ್ನು ಸಂಗ್ರಹಿಸುವ ಪ್ರಯೋಗದ ಚಿತ್ರದಲ್ಲಿ ನಳಿಕೆಯ ಬಾಯಿಗೆ ಅಡ್ಡಲಾಗಿ ಗೆರೆ ಎಳೆದ ವಿದ್ಯಾರ್ಥಿಯ ಅಂಕ ಕಡಿತವಾಗುತ್ತದೆ. ಅವನು ಬರೆದಂತೆ ಜೋಡಿಸಿದರೆ ಅನಿಲ ಹೊರಹೋಗಲು ದಾರಿಯೇ ಇರುವುದಿಲ್ಲ.

ಈ ಒಪ್ಪಂದವನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ ಎಂಬುದೇ ತೊಡಕು. ಸೀಳುಚಿತ್ರಗಳನ್ನು ಓದಲು ಬಲ್ಲ ಉಪನ್ಯಾಸಕರಿಗೆ ಅದು ಎಷ್ಟು ಸಹಜವಾಗಿರುತ್ತದೆಂದರೆ, ಅದನ್ನು ಕಲಿಸಬೇಕಾದ ವಿಷಯವೆಂದು ಅವರಿಗೆ ತೋಚುವುದೇ ಇಲ್ಲ. ಛಾಯಾಚಿತ್ರವು ವಸ್ತುವನ್ನು ಗುರುತಿಸಲು ಸುಲಭವಾದರೂ, ಅದರಲ್ಲಿ ಗಾಜಿನ ಹೊಳಪು, ಹಿನ್ನೆಲೆ, ನೆರಳು ಎಲ್ಲವೂ ಸೇರಿ ಮುಖ್ಯವಾದ ಭಾಗ ಮರೆಯಾಗುತ್ತದೆ. ಸೀಳುಚಿತ್ರದಲ್ಲಿ ಮುಖ್ಯಭಾಗ ಎದ್ದು ಕಂಡರೂ ವಸ್ತುವಿನ ಗುರುತು ಸಿಗುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಹಾಳೆಯಲ್ಲಿ, ಒಂದೇ ಗಾತ್ರದಲ್ಲಿ, ಅಕ್ಕಪಕ್ಕದಲ್ಲಿಟ್ಟು, ಇದರ ಈ ಭಾಗವೇ ಅದರ ಆ ಗೆರೆ ಎಂದು ಬಾಣದಿಂದ ಜೋಡಿಸಿ ತೋರಿಸುವುದು ಉತ್ತಮ. ಒಮ್ಮೆ ಈ ಸಂಬಂಧ ಮನದಟ್ಟಾದರೆ ಮುಂದಿನ ಎಲ್ಲ ರೇಖಾಚಿತ್ರಗಳೂ ತಾವಾಗಿ ಬಿಚ್ಚಿಕೊಳ್ಳುತ್ತವೆ.

ಮೊದಲ ದಿನ ತಲೆ ಏಕೆ ತುಂಬಿಹೋಗುತ್ತದೆ

ನಾವು ಒಂದು ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದಿಟ್ಟು ಬಳಸಬಲ್ಲ ಮಾಹಿತಿಗೆ ಮಿತಿಯಿದೆ. ಹಾಗೆ ಹಿಡಿದಿಡುವ ಶಕ್ತಿಯನ್ನು ಮನೋವಿಜ್ಞಾನದಲ್ಲಿ ಕಾರ್ಯಸ್ಮೃತಿ ಎನ್ನುತ್ತಾರೆ. ಲ್ಯಾಬಿಗೆ ಮೊದಲ ಬಾರಿ ಬಂದ ವಿದ್ಯಾರ್ಥಿಯ ಮುಂದೆ ಹೊಸ ಹೆಸರುಗಳು, ಹೊಸ ವಸ್ತುಗಳು, ಬಾಯಿಮಾತಿನ ಸೂಚನೆ, ಪುಸ್ತಕದ ಸೂಚನೆ, ಆಮ್ಲದ ಭಯ, ಜತೆಗಾರನ ಮಾತು, ಹಿನ್ನೆಲೆಯಲ್ಲಿ ಸಮೀಕರಣ ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿದ್ದ ಅಲೆಕ್ಸ್ ಜಾನ್‌ಸ್ಟನ್ ಅವರು ರಸಾಯನಶಾಸ್ತ್ರದ ಕಲಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿ, ಪ್ರಯೋಗಾಲಯದಲ್ಲಿ ಈ ಮಿತಿ ಮೀರಿಹೋಗುವುದರಿಂದಲೇ ವಿದ್ಯಾರ್ಥಿಗಳು ಯೋಚಿಸುವುದನ್ನು ಬಿಟ್ಟು ಬರೆದಿಟ್ಟ ಹಂತಗಳನ್ನು ಯಾಂತ್ರಿಕವಾಗಿ ಅನುಸರಿಸುತ್ತಾರೆಂದು ವಿವರಿಸಿದರು. ಲ್ಯಾಬಿಗೆ ಬರುವ ಮುನ್ನವೇ ಪೂರ್ವಸಿದ್ಧತೆ ಆಗಬೇಕೆಂಬುದು ಅವರ ವಾದದ ಮುಖ್ಯ ಅಂಶ.

ದೃಶ್ಯ ಸಾಧನ ನೆರವಾಗುವುದು ಇಲ್ಲಿಯೇ. ಉಪಕರಣದ ಹೆಸರು, ಭಾಗಗಳು, ಹಿಡಿಯುವ ಕ್ರಮ ಇವನ್ನು ಹಿಂದಿನ ದಿನವೇ ಚಿತ್ರದಲ್ಲಿ ಕಂಡು ಪರಿಚಯಿಸಿಕೊಂಡವನಿಗೆ ಮರುದಿನ ಮೇಜಿನ ಮುಂದೆ ಹೊರೆ ಅಷ್ಟರಮಟ್ಟಿಗೆ ಇಳಿದಿರುತ್ತದೆ. ಆದರೆ ಚಿತ್ರವೇ ಹೊರೆಯಾಗುವ ಸಾಧ್ಯತೆಯೂ ಇದೆ. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಿಂದ ನಡೆಸಿದ ಸಂಶೋಧನೆಯಿಂದ ತಿಳಿದುಬಂದ ಒಂದು ಅಂಶವೆಂದರೆ, ಚಿತ್ರ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಇದ್ದಾಗ ಎರಡನ್ನೂ ಜೋಡಿಸುವ ಕೆಲಸದಲ್ಲೇ ಕಲಿಯುವವನ ಶಕ್ತಿ ವ್ಯಯವಾಗುತ್ತದೆ. ಉಪಕರಣದ ಭಾಗಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟು, ಪುಟದ ತಳದಲ್ಲಿ ಸಂಖ್ಯೆಗಳ ಅರ್ಥ ಬರೆಯುವ ನಮ್ಮ ರೆಕಾರ್ಡ್ ಪುಸ್ತಕದ ಪದ್ಧತಿ ಅಂದವಾಗಿ ಕಂಡರೂ ಕಲಿಕೆಗೆ ಅನುಕೂಲಕರವಲ್ಲ. ಹೆಸರು ಇರಬೇಕಾದದ್ದು ಭಾಗದ ಪಕ್ಕದಲ್ಲಿಯೇ.

ಬ್ಯೂರೆಟ್: ಒಂದು ಅಂಕಿಯ ಹಿಂದೆ ಎಷ್ಟೊಂದು ವಿಷಯ

ಟೈಟ್ರೇಶನ್ ಎಂದರೆ, ಸಾಂದ್ರತೆ ಗೊತ್ತಿರುವ ಒಂದು ದ್ರಾವಣದೊಂದಿಗೆ ವರ್ತಿಸಲು ಇನ್ನೊಂದು ದ್ರಾವಣ ಎಷ್ಟು ಬೇಕಾಯಿತೆಂದು ಅಳೆದು, ಆ ಎರಡನೆಯದರ ಸಾಂದ್ರತೆಯನ್ನು ಲೆಕ್ಕ ಹಾಕುವುದು. ದ್ವಿತೀಯ ಪಿಯುಸಿಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ಆಕ್ಸಾಲಿಕ್ ಆಮ್ಲದೊಂದಿಗೆ ಅಥವಾ ಮೋರ್ ಲವಣದೊಂದಿಗೆ ಟೈಟ್ರೇಟ್ ಮಾಡುತ್ತಾರೆ. ಈ ಲವಣಕ್ಕೆ ಹೆಸರು ಕೊಟ್ಟ ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಮೋರ್ ಅವರೇ 19ನೆಯ ಶತಮಾನದ ನಡುವಿನಲ್ಲಿ ಬ್ಯೂರೆಟ್ಟಿನ ತುದಿಗೆ ರಬ್ಬರ್ ನಳಿಕೆ ಮತ್ತು ಚಿಮುಟ ಜೋಡಿಸಿ ಅದನ್ನು ಬಳಕೆಗೆ ಸುಲಭ ಮಾಡಿದವರು. ಪರ್ಮಾಂಗನೇಟ್ ರಬ್ಬರನ್ನು ಹಾಳುಮಾಡುವುದರಿಂದ ಅದಕ್ಕೆ ಮಾತ್ರ ದ್ರವವನ್ನು ಬಿಡಲು, ತಡೆಯಲು ತಿರುಗಿಸುವ ಗಾಜಿನ ಸ್ಟಾಪ್‌ಕಾಕ್ ಇರುವ ಬ್ಯೂರೆಟ್ಟೇ ಬೇಕು.

ಬ್ಯೂರೆಟ್ ಏಕೆ ಅಷ್ಟು ಸಪೂರ, ಅಷ್ಟು ಉದ್ದ? 50 ಮಿಲಿಲೀಟರಿನ ಬ್ಯೂರೆಟ್ಟಿನಲ್ಲಿ ಒಂದು ಮಿಲಿಲೀಟರ್ ದ್ರವ ಸುಮಾರು ಒಂದು ಸೆಂಟಿಮೀಟರ್ ಎತ್ತರವನ್ನು ಆಕ್ರಮಿಸುತ್ತದೆ. ಅದೇ ಒಂದು ಮಿಲಿಲೀಟರನ್ನು 250 ಮಿಲಿಲೀಟರಿನ ಬೀಕರಿಗೆ ಸುರಿದರೆ ಮಟ್ಟ ಏರುವುದು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟನ್ನು ಕಣ್ಣು ಗುರುತಿಸಲಾರದು. ಬೀಕರಿನ ಮೇಲಿನ ಗುರುತುಗಳು ನೂರಕ್ಕೆ ಸುಮಾರು ಐದರಷ್ಟು ಆಚೀಚೆ ಇರುವ ಅಂದಾಜುಗಳೆಂದೂ, ಎ ದರ್ಜೆಯ, ಅಂದರೆ ಹೆಚ್ಚು ನಿಖರವಾದ, 50 ಮಿಲಿಲೀಟರ್ ಬ್ಯೂರೆಟ್ಟಿಗೆ ಅನುಮತಿಸಲಾದ ವ್ಯತ್ಯಾಸ ಕೇವಲ 0.05 ಮಿಲಿಲೀಟರ್ ಎಂದೂ ಮಾತಿನಲ್ಲಿ ಹೇಳಿದರೆ ಅದು ಒಂದು ಅಂಕಿಯಾಗಿ ಉಳಿಯುತ್ತದೆ. ಒಂದೇ ಹಾಳೆಯಲ್ಲಿ ಬೀಕರನ್ನೂ ಬ್ಯೂರೆಟ್ಟನ್ನೂ ನಿಜವಾದ ಗಾತ್ರದಲ್ಲಿ ಬರೆದು, ಒಂದು ಮಿಲಿಲೀಟರಿನ ಪಟ್ಟಿಯನ್ನು ಎರಡರಲ್ಲೂ ಬಣ್ಣದಿಂದ ತುಂಬಿ ತೋರಿಸಿದರೆ, ಬೀಕರಿನಲ್ಲಿ ಅದು ಒಂದು ಗೆರೆಯಷ್ಟೇ ಆಗುವುದನ್ನು ಕಂಡ ವಿದ್ಯಾರ್ಥಿಗೆ ಅಳತೆಗೆ ಬೀಕರನ್ನು ಏಕೆ ಬಳಸಬಾರದೆಂದು ಮತ್ತೆ ಹೇಳಬೇಕಾಗಿಲ್ಲ.

ಇನ್ನು ಓದುವ ಕ್ರಮ. ಬ್ಯೂರೆಟ್ಟಿನ ಸೊನ್ನೆ ಮೇಲಿದೆ, ಅಂಕಿಗಳು ಕೆಳಮುಖವಾಗಿ ಏರುತ್ತವೆ. ಏಕೆಂದರೆ ಅದು ಅಳೆಯುವುದು ಒಳಗೆ ಉಳಿದ ದ್ರವವನ್ನಲ್ಲ, ಹೊರಬಿಟ್ಟ ದ್ರವವನ್ನು. ಅಳತೆಯ ಜಾಡಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ ರೂಢಿಯಾದ ಕಣ್ಣು ಇಲ್ಲಿಯೂ ಹಾಗೆಯೇ ಓದುತ್ತದೆ. ದ್ರವದ ಮಟ್ಟ 23ರ ಕೆಳಗೆ ನಾಲ್ಕನೆಯ ಸಣ್ಣ ಗುರುತಿನಲ್ಲಿದ್ದರೆ ಸರಿಯಾದ ಓದು 23.4. ಕೆಳಗಿನ 24ರಿಂದ ಮೇಲಕ್ಕೆ ಆರು ಗುರುತು ಎಣಿಸಿದವನು 24.6 ಎಂದು ಬರೆಯುತ್ತಾನೆ. ತಪ್ಪಾದ ಅಂಕಿಯೂ ನೋಡಲು ಸರಿಯಾಗಿಯೇ ಕಾಣುವುದರಿಂದ ಇದು ಬಹಳ ಹೊತ್ತು ಪತ್ತೆಯಾಗುವುದಿಲ್ಲ. ಮಟ್ಟದ ಸುತ್ತಲಿನ ಎರಡೇ ಮಿಲಿಲೀಟರಿನ ಭಾಗವನ್ನು ಒಂದು ಅಡಿಯಷ್ಟು ದೊಡ್ಡದು ಮಾಡಿ ಬರೆದು, ಕೆಳಮುಖವಾದ ಒಂದೇ ಒಂದು ಬಾಣ ಹಾಕಿದ ಚಿತ್ರ, ಇಡೀ ಬ್ಯೂರೆಟ್ಟಿನ ಸುಂದರ ಚಾರ್ಟಿಗಿಂತ ಹೆಚ್ಚು ಉಪಯುಕ್ತ.

ಸಪೂರ ನಳಿಕೆಯಲ್ಲಿ ನೀರಿನ ಮೇಲ್ಮೈ ಸಮತಟ್ಟಾಗಿರದೆ ನಡುವೆ ತಗ್ಗಿ ಅಂಚಿನಲ್ಲಿ ಏರಿರುತ್ತದೆ. ನೀರು ಗಾಜಿಗೆ ಅಂಟಿಕೊಳ್ಳುವ ಗುಣದಿಂದ ಉಂಟಾಗುವ ಈ ಬಾಗಿದ ಮೇಲ್ಮೈಯನ್ನು ಮೆನಿಸ್ಕಸ್ ಎನ್ನುತ್ತಾರೆ. ಬಣ್ಣವಿಲ್ಲದ ದ್ರಾವಣದಲ್ಲಿ ಅದರ ತಳವನ್ನು ಓದಬೇಕು. ಪರ್ಮಾಂಗನೇಟಿನ ಗಾಢ ನೇರಳೆಯಲ್ಲಿ ತಳ ಕಾಣುವುದೇ ಇಲ್ಲವಾದ್ದರಿಂದ ಮೇಲಂಚನ್ನು ಓದಬೇಕು. ಬಹುಪಾಲು ಚಾರ್ಟುಗಳು ಮೊದಲನೆಯದನ್ನು ಮಾತ್ರ ತೋರಿಸುತ್ತವೆ, ಪರೀಕ್ಷೆಯಲ್ಲಿ ಬರುವುದು ಎರಡನೆಯದು.

ಚಿತ್ರವಿಲ್ಲದೆ ವಿವರಿಸಲು ಬಹಳ ಕಷ್ಟವಾದ ವಿಷಯವೆಂದರೆ ಕಣ್ಣಿನ ಎತ್ತರದಿಂದಾಗುವ ದೋಷ, ಅಂದರೆ ಪ್ಯಾರಲ್ಯಾಕ್ಸ್. ಮೆನಿಸ್ಕಸ್ ಇರುವುದು ನಳಿಕೆಯ ನಡುವೆ, ಅಳತೆಯ ಗುರುತುಗಳು ಇರುವುದು ನಮ್ಮ ಕಡೆಯ ಗಾಜಿನ ಮೇಲೆ. ಕಣ್ಣು ಮೆನಿಸ್ಕಸ್‌ಗಿಂತ ಕೆಳಗಿದ್ದರೆ ನೋಟದ ರೇಖೆ ಗಾಜನ್ನು ಹಾದುಹೋಗುವುದು ನಿಜವಾದ ಮಟ್ಟಕ್ಕಿಂತ ಕೆಳಗೆ, ಆದ್ದರಿಂದ ಓದು ನಿಜಕ್ಕಿಂತ ಹೆಚ್ಚಾಗುತ್ತದೆ. ಕಣ್ಣು ಮೇಲಿದ್ದರೆ ಓದು ಕಡಿಮೆಯಾಗುತ್ತದೆ. ಈಗ ವಿದ್ಯಾರ್ಥಿ ನಿಂತಿರುವ ರೀತಿಯನ್ನು ಗಮನಿಸಬೇಕು. ಮೇಜಿನ ಮೇಲಿನ ಸ್ಟ್ಯಾಂಡಿನಲ್ಲಿ ಬ್ಯೂರೆಟ್ಟಿನ ಸೊನ್ನೆ ಸಾಮಾನ್ಯವಾಗಿ ಅವನ ಕಣ್ಣಿಗಿಂತ ಮೇಲಿರುತ್ತದೆ, ಟೈಟ್ರೇಶನ್ ಮುಗಿದಾಗ ದ್ರವದ ಮಟ್ಟ ಕಣ್ಣಿಗಿಂತ ಕೆಳಗಿಳಿದಿರುತ್ತದೆ. ಮೊದಲ ಓದು ನಿಜಕ್ಕಿಂತ ಹೆಚ್ಚು, ಕೊನೆಯ ಓದು ನಿಜಕ್ಕಿಂತ ಕಡಿಮೆ. ಎರಡೂ ತಪ್ಪುಗಳು ಒಂದನ್ನೊಂದು ರದ್ದುಮಾಡುತ್ತವೆ ಎಂದು ಭಾವಿಸುವವರಿದ್ದಾರೆ, ಆದರೆ ಕಳೆಯುವಾಗ ಅವು ಒಟ್ಟುಗೂಡುತ್ತವೆ. ನೋಟ 20 ಡಿಗ್ರಿಯಷ್ಟು ಓರೆಯಾದರೆ ಸುಮಾರು ಒಂದು ಸೆಂಟಿಮೀಟರ್ ಅಗಲದ ನಳಿಕೆಯಲ್ಲಿ ಆಗುವ ವ್ಯತ್ಯಾಸ ಸರಿಸುಮಾರು 2 ಮಿಲಿಮೀಟರ್, ಅಂದರೆ 0.2 ಮಿಲಿಲೀಟರ್. ಎರಡೂ ಕಡೆ ಸೇರಿದರೆ 0.4. ಉಪಕರಣದ ದೋಷಕ್ಕೆ ಹೋಲಿಸಿದರೆ ಇದು ಎಂಟು ಪಟ್ಟು.

ಇದಕ್ಕೆ ಬೇಕಾದ ಚಿತ್ರ ಒಂದೇ: ಪಕ್ಕದಿಂದ ನೋಡಿದಂತೆ ನಳಿಕೆಯ ಸೀಳುನೋಟ, ಮೂರು ಎತ್ತರದಲ್ಲಿ ಮೂರು ಕಣ್ಣು, ಮೂರು ನೇರ ಗೆರೆ. ಗಾಜನ್ನು ಆ ಗೆರೆಗಳು ದಾಟುವ ಜಾಗದಲ್ಲಿ ಮೂರು ಬೇರೆ ಬೇರೆ ಅಂಕಿಗಳು. ಉಪನ್ಯಾಸಕರು ಸುಮ್ಮನೆ ತೋರಿಸುವ ಬದಲು ಗೆರೆಗಳನ್ನು ವಿದ್ಯಾರ್ಥಿಗಳಿಂದಲೇ ಅಳತೆಪಟ್ಟಿಯಿಟ್ಟು ಎಳೆಸಿದರೆ ಇನ್ನೂ ಒಳ್ಳೆಯದು.

ಪಿಪೆಟ್ಟಿನ ಮೇಲಿನ ಬರಹ

ನಿಗದಿತ ಪ್ರಮಾಣದ ದ್ರವವನ್ನು ಎಳೆದು ಬೇರೆ ಪಾತ್ರೆಗೆ ಬಿಡುವ ನಳಿಕೆಯಾದ ಪಿಪೆಟ್ಟಿಗೆ ಒಂದೇ ಗುರುತು, ಒಂದೇ ಅಳತೆ. ಅದರ ಉಬ್ಬಿದ ಭಾಗದ ಮೇಲೆ ಸಣ್ಣದಾಗಿ ಬರೆದಿರುವ ಸಾಲುಗಳನ್ನು ಯಾರೂ ಓದುವುದಿಲ್ಲ. ಅಲ್ಲಿ 20 ಅಥವಾ 27 ಡಿಗ್ರಿ ಎಂದಿದ್ದರೆ ಅಳತೆ ನಿಖರವಾಗಿರುವ ಉಷ್ಣತೆ ಅದು. ಇಎಕ್ಸ್ ಅಥವಾ ಟಿಡಿ ಎಂಬ ಅಕ್ಷರಗಳಿದ್ದರೆ, ಹೊರಬಿದ್ದ ದ್ರವದ ಪ್ರಮಾಣವೇ ಬರೆದಿರುವ ಅಳತೆ ಎಂದರ್ಥ. ತುದಿಯಲ್ಲಿ ಉಳಿಯುವ ಹನಿಯನ್ನು ಮೊದಲೇ ಲೆಕ್ಕದಿಂದ ಬಿಟ್ಟಿರುವುದರಿಂದ ಅದನ್ನು ಊದಿ ಕೆಡವಿದರೆ ಅಳತೆ ಹೆಚ್ಚಾಗುತ್ತದೆ. ಮೊಬೈಲಿನಲ್ಲಿ ಆ ಬರಹವನ್ನು ಹತ್ತಿರದಿಂದ ಸೆರೆಹಿಡಿದು ಪರದೆಯ ಮೇಲೆ ದೊಡ್ಡದಾಗಿ ತೋರಿಸುವುದಕ್ಕೆ ಖರ್ಚೇನೂ ಇಲ್ಲ. ಅದರ ಪಕ್ಕದಲ್ಲಿ, ಬಾಯಿಯಿಂದ ಎಳೆಯುವ ಬದಲು ರಬ್ಬರ್ ಬಲ್ಬ್ ಬಳಸುವ ಕ್ರಮದ ಚಿತ್ರವೂ ಇರಲೇಬೇಕು.

ಬಣ್ಣದ ಚಿತ್ರವನ್ನು ಎಷ್ಟು ನಂಬಬೇಕು

ಪರ್ಮಾಂಗನೇಟ್ ಟೈಟ್ರೇಶನ್ನಿನ ಅಂತ್ಯಬಿಂದು, ಅಂದರೆ ವರ್ತನೆ ಪೂರ್ಣಗೊಂಡುದರ ಸೂಚನೆ, ಸುಮಾರು ಅರ್ಧ ನಿಮಿಷ ಉಳಿಯುವ ತೀರ ತಿಳಿಯಾದ ಗುಲಾಬಿ ಬಣ್ಣ. ಆದರೆ ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಚೆನ್ನಾಗಿ ಕಾಣಲೆಂದು ಗಾಢ ಗುಲಾಬಿಯನ್ನೇ ತೋರಿಸಿರುತ್ತಾರೆ. ಅದನ್ನು ಮಾದರಿಯಾಗಿಟ್ಟುಕೊಂಡವನು ಅಂತ್ಯಬಿಂದುವನ್ನು ದಾಟಿ ಇನ್ನೂ ಹಲವು ಹನಿ ಬಿಟ್ಟಿರುತ್ತಾನೆ. ಚಿತ್ರವೇ ತಪ್ಪನ್ನು ಕಲಿಸುವ ಸ್ಪಷ್ಟ ಉದಾಹರಣೆ ಇದು. ಒಂದು ಹನಿ ಮೊದಲು, ಸರಿಯಾದ ಬಿಂದುವಿನಲ್ಲಿ, ಎರಡು ಹನಿ ಹೆಚ್ಚಾದಾಗ ಎಂದು ಮೂರು ಕೋನಿಕಲ್ ಫ್ಲಾಸ್ಕುಗಳನ್ನು, ಅಂದರೆ ಶಂಕುವಿನ ಆಕಾರದ ಗಾಜಿನ ಪಾತ್ರೆಗಳನ್ನು, ಬಿಳಿ ಟೈಲ್ ಮೇಲೆ ಒಟ್ಟಿಗಿಟ್ಟು ತೆಗೆದ ಚಿತ್ರ ಈ ಅಪಾಯವನ್ನು ತಪ್ಪಿಸುತ್ತದೆ, ಏಕೆಂದರೆ ಮುದ್ರಣದಲ್ಲಿ ಬಣ್ಣ ಕೆಟ್ಟರೂ ಮೂರರ ನಡುವಿನ ವ್ಯತ್ಯಾಸ ಉಳಿಯುತ್ತದೆ. ತರಗತಿಯಲ್ಲಿ ಕೆಂಪು ಹಸಿರುಗಳನ್ನು ಬೇರ್ಪಡಿಸಿ ಕಾಣಲಾಗದ ಹುಡುಗರೂ ಇರುವುದರಿಂದ, ಬಣ್ಣದ ಜತೆಗೆ ಅಕ್ಷರವನ್ನೋ ಬಾಣವನ್ನೋ ಸೇರಿಸುವುದು ಒಳಿತು.

ವಿಡಿಯೊ ಮತ್ತು ವರ್ಚುವಲ್ ಲ್ಯಾಬ್

ನಿಂತ ಚಿತ್ರ ತೋರಿಸಲಾಗದ ಒಂದನ್ನು ವಿಡಿಯೊ ತೋರಿಸುತ್ತದೆ, ಅದು ಕಾಲ. ಬಿಸಿ ಆಕ್ಸಾಲಿಕ್ ಆಮ್ಲಕ್ಕೆ ಬಿದ್ದ ಪರ್ಮಾಂಗನೇಟಿನ ಮೊದಲ ಹನಿಗಳ ಬಣ್ಣ ನಿಧಾನವಾಗಿಯೂ, ಮುಂದಿನ ಹನಿಗಳದು ಬೇಗನೆಯೂ ಮಾಯವಾಗುತ್ತದೆ. ವರ್ತನೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಅದನ್ನು ಮುಂದೆ ಚುರುಕುಗೊಳಿಸುವುದು ಇದಕ್ಕೆ ಕಾರಣ. ಮೊದಲ ಹನಿಯ ಬಣ್ಣ ಹೋಗದಿದ್ದುದನ್ನೇ ಅಂತ್ಯಬಿಂದು ಎಂದುಕೊಳ್ಳುವ ಗೊಂದಲ ಒಂದು ವಿಡಿಯೊದಿಂದ ತಪ್ಪುತ್ತದೆ. ಎಡಗೈಯಿಂದ ಸ್ಟಾಪ್‌ಕಾಕನ್ನು ಸುತ್ತುವರಿದು ಹಿಡಿದು, ಬಲಗೈಯಿಂದ ಫ್ಲಾಸ್ಕನ್ನು ತಿರುಗಿಸುವ ಕೈಚಳಕವೂ ಹಾಗೆಯೇ. ವಿಡಿಯೊದ ದೋಷವೆಂದರೆ ಅದು ನಿಲ್ಲದೆ ಓಡುವುದು. ಮಲ್ಟಿಮೀಡಿಯಾ ಕಲಿಕೆಯ ಬಗ್ಗೆ ಅಮೆರಿಕದ ರಿಚರ್ಡ್ ಮೇಯರ್ ನಡೆಸಿದ ಅಧ್ಯಯನಗಳ ಪ್ರಕಾರ, ಕಲಿಯುವವನೇ ನಿಲ್ಲಿಸಿ ಮುಂದುವರಿಸಬಹುದಾದ ಸಣ್ಣ ತುಣುಕುಗಳು ಒಂದೇ ಉದ್ದನೆಯ ವಿಡಿಯೊಗಿಂತ ಹೆಚ್ಚು ಫಲ ಕೊಡುತ್ತವೆ, ಮತ್ತು ಅಲಂಕಾರಕ್ಕೆಂದು ಸೇರಿಸಿದ ಸಂಗೀತ, ಚಿತ್ರಗಳು ಕಲಿಕೆಗೆ ಅಡ್ಡಿಯಾಗುತ್ತವೆ.

ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಐಐಟಿಗಳ ಜತೆಗೆ ಸುರತ್ಕಲ್ಲಿನ ಎನ್‌ಐಟಿಕೆ ಕೂಡ ಭಾಗಿಯಾಗಿದೆ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಅನುಕರಣೆಗಳಲ್ಲಿ ಕೆಲವು ಕನ್ನಡದಲ್ಲಿಯೂ ದೊರೆಯುತ್ತವೆ. ಇಂಥವುಗಳಲ್ಲಿ ಗಾಜು ಒಡೆಯುವುದಿಲ್ಲ, ರಾಸಾಯನಿಕ ವ್ಯರ್ಥವಾಗುವುದಿಲ್ಲ, ಹತ್ತು ಸಲ ಮಾಡಿದರೂ ಯಾರೂ ಗದರುವುದಿಲ್ಲ. ಕ್ರಮವನ್ನು ಕಲಿಯಲು, ಲೆಕ್ಕವನ್ನು ಅಭ್ಯಾಸ ಮಾಡಲು ಇವು ಸಾಕಷ್ಟು ಸಮರ್ಥ. ಆದರೆ ಪರದೆಯ ಮೇಲಿನ ಬ್ಯೂರೆಟ್ಟಿನಲ್ಲಿ ಗುಂಡಿ ಒತ್ತಿದರೆ ಒಂದು ಹನಿ ಬೀಳುತ್ತದೆ. ನಿಜವಾದ ಸ್ಟಾಪ್‌ಕಾಕ್ ಬಿಗಿಯಾಗಿರಬಹುದು, ಸೋರಬಹುದು, ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರಬಹುದು. ಅನುಕರಣೆಯಲ್ಲಿ ಕಣ್ಣಿನ ಎತ್ತರವೆಂಬುದೇ ಇಲ್ಲ, ಪ್ಯಾರಲ್ಯಾಕ್ಸ್ ದೋಷವೂ ಇಲ್ಲ. ಹಾಗಾಗಿ ಇವನ್ನು ಲ್ಯಾಬಿಗೆ ಬದಲಿಯೆಂದು ಎಣಿಸುವುದಕ್ಕಿಂತ ಲ್ಯಾಬಿನ ಹಿಂದಿನ ದಿನದ ತಯಾರಿಯೆಂದು ಬಳಸುವುದೇ ಸರಿಯೆನಿಸುತ್ತದೆ.

ಒಂದು ರಟ್ಟಿನ ತುಂಡು

ದೃಶ್ಯ ಸಾಧನಕ್ಕೆ ವಿದ್ಯುತ್ತಾಗಲಿ ಪರದೆಯಾಗಲಿ ಬೇಕೇಬೇಕೆಂದಿಲ್ಲ. ಅಂಚೆ ಕಾರ್ಡಿನಷ್ಟು ದೊಡ್ಡದಾದ ಬಿಳಿ ರಟ್ಟಿನ ಕೆಳಗಿನ ಅರ್ಧಕ್ಕೆ ಕಪ್ಪು ಬಣ್ಣ ಬಳಿದು, ಕಪ್ಪಿನ ಅಂಚು ಮೆನಿಸ್ಕಸ್‌ಗಿಂತ ತುಸು ಕೆಳಗೆ ಬರುವಂತೆ ಬ್ಯೂರೆಟ್ಟಿನ ಹಿಂದೆ ಹಿಡಿದರೆ, ಬಣ್ಣವಿಲ್ಲದ ದ್ರಾವಣದ ಮಸುಕಾದ ತಳ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಸ್ಪಷ್ಟಗೊಳ್ಳುತ್ತದೆ. ಬ್ಯಾಚಿಗೆ ಹತ್ತು ಕಾರ್ಡು ಮಾಡಲು ಅರ್ಧ ಗಂಟೆ ಸಾಕು.

ಇಂಥ ಸಾಧನಗಳು ಫಲ ಕೊಟ್ಟಿವೆಯೇ ಎಂದು ತಿಳಿಯಲು ಉಪಕರಣದ ಹೆಸರು ಕೇಳುವುದರಿಂದ ಪ್ರಯೋಜನವಿಲ್ಲ. ನಾಲ್ಕು ಬ್ಯೂರೆಟ್ಟುಗಳನ್ನು ಬೇರೆ ಬೇರೆ ಮಟ್ಟಕ್ಕೆ ತುಂಬಿ, ಎರಡರಲ್ಲಿ ನೀರು, ಎರಡರಲ್ಲಿ ಪರ್ಮಾಂಗನೇಟ್ ಇಟ್ಟು, ಪ್ರತಿಯೊಬ್ಬರಿಗೂ ಚೀಟಿಯಲ್ಲಿ ಓದನ್ನು ಬರೆಯಲು ಹೇಳಿ, ಎಲ್ಲ ಚೀಟಿಗಳ ಅಂಕಿಗಳನ್ನು ಹಲಗೆಯ ಮೇಲೆ ಚುಕ್ಕೆಗಳಾಗಿ ಗುರುತಿಸಿದರೆ ತರಗತಿಯ ಸ್ಥಿತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೆಚ್ಚಿನ ಚುಕ್ಕೆಗಳು ಒಂದೆಡೆ ಗುಂಪುಗೂಡಿ, ಕೆಲವು ಮಾತ್ರ ಇನ್ನೊಂದೆಡೆ ಪ್ರತ್ಯೇಕ ಗುಂಪಾಗಿ ನಿಂತಿದ್ದರೆ ಅವರು ಕೆಳಗಿನಿಂದ ಮೇಲಕ್ಕೆ ಓದಿದವರು. ಚುಕ್ಕೆಗಳು ಎರಡು ಮೂರು ಸಣ್ಣ ಗುರುತುಗಳಷ್ಟು ಅಗಲಕ್ಕೆ ಚದುರಿದ್ದರೆ ಕಣ್ಣಿನ ಎತ್ತರವನ್ನು ಮತ್ತೊಮ್ಮೆ ತೋರಿಸಿಕೊಡಬೇಕು.